ಚಿಗವ್ವನ ಬಣ್ಣದಾಟ

ಬೆಳಗಾವಿಯ ಯಾವ ಅರಿವೆ ಅಂಗಡಿಗೆ ಹೋದರೂ, ಹೊಸ ಬಟ್ಟೆಯ ಸುತ್ತು ಬಿಚ್ಚಿದಾಗ ಏಳುವ ಗಂಜಿಯ ವಾಸನೆಗೆ ನನ್ನ ಕೈ ಅಲ್ಲೇ ನಿಂತುಬಿಡುತ್ತದೆ. ಕೊಳ್ಳಲು ಬಂದದ್ದೇನೆಂಬುದು ಮರೆತುಹೋಗುತ್ತದೆ. ಖಾನಾಪುರದ ನಮ್ಮ ಮನೆಯ ನಡುಕೋಣೆಯ ತುಂಬ ಅದೇ ವಾಸನೆ ಇರುತ್ತಿತ್ತು. ಜೊತೆಗೆ ಹೊಲಿಗೆ ಯಂತ್ರದ ಎಣ್ಣೆಯದು, ಹಿತ್ತಲಿನಿಂದ ಬರುವ ಹಸಿ ಮಣ್ಣಿನದು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಇದು ಪಡಸಾಲೆ, ಇದು ಬಚ್ಚಲು ಎಂದು ತೋರಿಸಲು ಅಲ್ಲಿ ಈಗ ನೆಲವೂ ಇಲ್ಲ, ಡಾಂಬರಿದೆ. ನಿಮ್ಮದೂ ಅಂಥದೊಂದು ಮನೆ ಹೋಗಿದ್ದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಆ ಯಂತ್ರ ತುಳಿಯುತ್ತಿದ್ದವಳು ಅವ್ವನ ತಂಗಿ ಶಾಂತವ್ವ, ನಮ್ಮ ಚಿಗವ್ವ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದು ಊರವರ ಕುಬಸ ಹೊಲಿಯುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ತಂಗಿ ಶೈಲಾಳನ್ನು ಹೆತ್ತದ್ದು ಅವ್ವ, ಎತ್ತಿ ಆಡಿಸಿದ್ದು ಚಿಗವ್ವ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಶೈಲಾ ಸಂಜೆಯಾದರೆ ಹೊಸ್ತಿಲು ಎಡವತೊಡಗಿದಳು. ತಾಟಿನ ಬದಿಗೆ ಕೈ ಹಾಕಿ ರೊಟ್ಟಿ ಹುಡುಕುತ್ತಿದ್ದಳು. ಬೆಳಗಾವಿಯ ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ, ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಹೋಗುತ್ತದೆ, ಇದಕ್ಕೆ ಔಷಧವಿಲ್ಲ ಎಂದರು. ಬಸ್ಸಿನಲ್ಲಿ ಮರಳುವಾಗ ಅಪ್ಪ ಕಿಟಕಿಯ ಹೊರಗೇ ನೋಡುತ್ತ ಕುಳಿತಿದ್ದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಶೈಲಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಚಿಗವ್ವ ಮಾತ್ರ, "ಅಳಬ್ಯಾಡಕ್ಕಾ. ಕಣ್ಣ ಇರೂತನಕ ಬಣ್ಣ ಎಲ್ಲಾ ತೋರಸೂಣು. ಒಳಗ ಹೋದದ್ದನ್ನ ಯಾರ ಕಸ್ಗೋತಾರ?" ಎಂದಳು.

ಮರುದಿನವೇ ಆಟ ಶುರುವಾಯಿತು. ಹೊಲಿದು ಉಳಿದ ಚಿಂದಿಗಳನ್ನು ಚಿಗವ್ವ ಅಂಗಳದ ಬಿಸಿಲಿಗೆ ತೂರುತ್ತಿದ್ದಳು. "ಕೆಂಪ!" ಎಂದು ಒದರಿದೊಡನೆ ಕೆಂಪು ಚಿಂದಿ ಹೆಕ್ಕಿ, ಮನೆಯೊಳಗಿನ ಇನ್ನೊಂದು ಕೆಂಪು ವಸ್ತುವಿಗೆ ಮುಟ್ಟಿಸಿ ಬರಬೇಕು. ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ಬಾಜು ಮನೆಯ ಮರಾಠಿ ಹುಡುಗಿ ಮಂಗಲ "ಲಾಲ, ಲಾಲ" ಎನ್ನುತ್ತ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಶೈಲಾ ಒಮ್ಮೆ ಹಳದಿ ಚಿಂದಿಯನ್ನು ಕಡಲೆಹಿಟ್ಟಿನ ಜುಣಕದ ಬೋಗುಣಿಗೇ ಅದ್ದಿ ತಂದಳು. ಎಷ್ಟೋ ದಿನಗಳ ಮೇಲೆ ಅವ್ವ ನಕ್ಕಳು. ನಾವು ದಣಿದು ಕುಳಿತಾಗ ಚಿಗವ್ವ ಶೈಲಾಳ ಗದ್ದ ಹಿಡಿದು, ಎಲೆಬಳ್ಳಿಯ ಹಸಿರು ಬೇರೆ, ಮೆಣಸಿನಕಾಯಿಯ ಹಸಿರು ಬೇರೆ ಎಂದು ತೋರಿಸುತ್ತಿದ್ದಳು. ಬಸ್ಸು ಬಿಡುವ ಹೊತ್ತಿಗೆ ಬುತ್ತಿ ಕಟ್ಟಿಕೊಡುವವರ ಅವಸರವಿತ್ತು ಆ ದನಿಯಲ್ಲಿ.

ಕೆಲವು ವರ್ಷ ಹೀಗೇ ನಡೆಯಿತು. ಮೊದಲು ಶೈಲಾಗೆ ನೀಲಿ, ಹಸಿರು ಕಲಸಿಹೋದವು. ಚಿಗವ್ವ ಚಿಂದಿ ಬಿಟ್ಟು ದೊಡ್ಡ ತುಂಡುಗಳನ್ನೇ ಹಾಸತೊಡಗಿದಳು. ಕೊನೆಗೊಂದು ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಕೆಂಪು ಕೇಳಿದರೆ ಶೈಲಾ ಕಪ್ಪು ತಂದು ಹಿಡಿದಳು. ಚಿಗವ್ವ ಅವಳ ತಲೆ ಸವರಿ, "ಹೌದವಾ, ಕೆಂಪ ಇದು. ಬರೋಬರಿ ತಂದಿ," ಎಂದಳು.

ಮಂಗಲ ನಕ್ಕುಬಿಟ್ಟಳು. "ಕಾಳಾ, ಕಾಳಾ! ಕರೀದು ಅದು!"

ಶೈಲಾ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. "ಚಿಗವ್ವಾ, ಖರೇ ಹೇಳ. ಕೆಂಪ ಐತೇನು?"

ಚಿಗವ್ವ ಹಾಸಿದ್ದ ಅರಿವೆಗಳನ್ನೆಲ್ಲ ಬಳಿದುಕೊಂಡು ಒಳಗೆ ಹೋದಳು. ಆಮೇಲೆ ನಮ್ಮ ಅಂಗಳದಲ್ಲಿ ಯಾರೂ ಬಣ್ಣದ ಹೆಸರು ಕೂಗಲಿಲ್ಲ. ಮಂಗಲ ಕೆಲವು ದಿನ ಬಾಗಿಲಲ್ಲಿ ಬಂದು ನಿಂತು, ಯಾರೂ ಕರೆಯದಿದ್ದಾಗ ತಿರುಗಿ ಹೋಗುತ್ತಿದ್ದಳು.

ಶೈಲಾ ಈಗ ನನ್ನ ಜೊತೆ ಬೆಳಗಾವಿಯ ಶಿವಬಸವ ನಗರದಲ್ಲಿದ್ದಾಳೆ. ಚಿಗವ್ವ ಹೋದ ವರ್ಷ ನಮ್ಮಲ್ಲೇ ತೀರಿಕೊಂಡಳು. ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ಶೈಲಾಳ ಕೈಯನ್ನು ತನ್ನ ಎದೆಯ ಮೇಲೆ ಎಳೆದುಕೊಂಡು, "ಕೆಂಪ ನೆನಪೈತೇನವಾ?" ಎಂದು ಕೇಳಿದಳು.

"ಐತಿ ಚಿಗವ್ವಾ. ಎಲ್ಲಾ ಅದಾವು."

ಚಿಗವ್ವನ ಮುಖ ಸಡಿಲವಾಯಿತು. ಶೈಲಾಗೆ ಅದು ಕಾಣಲಿಲ್ಲ, ನಾನು ಹೇಳಿದೆ.

ಮಣ್ಣು ಮಾಡಿ ಬಂದ ದಿನ, ನೆಂಟರೆಲ್ಲ ಹೋದ ಮೇಲೆ, ನಾನು ಶೈಲಾಳನ್ನು ಕೇಳಿದೆ: "ಖರೇನ ನೆನಪೈತೇನ?"

"ಇಲ್ಲಕ್ಕಾ. ಯಾವಾಗೋ ಹೋದವು. ಹೆಸರ ಅಷ್ಟ ಉಳದಾವ. ಕೆಂಪ ಅಂದ್ರ ಚಿಗವ್ವ ಒದರಿದ್ದು ಕೇಳಸ್ತೈತಿ, ಮತ್ತೇನಿಲ್ಲ." ಆಮೇಲೆ, "ಇನ್ನ ಅದೂ ಹೋಗತೈತಿ," ಎಂದು ಎದ್ದು, ಗೋಡೆ ಸವರುತ್ತ ಒಳಗೆ ನಡೆದಳು.