ತಾರಾಬಾಯಿಯ ಎರಡು ಪುಟ

ತಾರಾಬಾಯಿ ಕನ್ನಡದಲ್ಲಿ ಯೋಚಿಸಿ ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದರು. ನಮ್ಮ ಐನಾಪುರದಲ್ಲಿ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಅವರ ತವರು ಮಿರಜದ ಆಚೆಗಿನ ಒಂದು ಹಳ್ಳಿ. ಮನೆಯ ಮಾತು ಕನ್ನಡ, ಶಾಲೆ ಮರಾಠಿ. ಏಳನೇ ಇಯತ್ತೆ ಮುಗಿಸಿ, ಮುಂದೆ ಕೆಲ ವರ್ಷ ಮನೆಯಲ್ಲಿದ್ದು, ನನ್ನ ಗೆಳೆಯ ಕಾಕಾಸಾಹೇಬನ ಹೆಂಡತಿಯಾಗಿ ಇಲ್ಲಿಗೆ ಬಂದರು. ಇಂಥ ಸೊಸೆಯಂದಿರು ಓಣಿಗೆ ನಾಲ್ವರಿದ್ದಾರೆ. ಕಿರಾಣಿ ಚೀಟಿಯನ್ನು ಆ ಅಕ್ಷರದಲ್ಲೇ ಬರೆದು ಕಳಿಸುತ್ತಾರೆ, ಅಂಗಡಿಯವನು ಓದಿಕೊಳ್ಳುತ್ತಾನೆ. ಆದರೆ ಚೀಟಿ ಬಿಟ್ಟು ತಮ್ಮ ಬದುಕನ್ನು ಬರೆಯಲು ಕೂತವರು ಇವರೊಬ್ಬರೇ.

ನಾನು ಪಾರಿಸ, ನಿವೃತ್ತ ಕನ್ನಡ ಮಾಸ್ತರ. ಮೂವತ್ನಾಲ್ಕು ವರ್ಷ ಕೆಂಪು ಪೆನ್ನು ಹಿಡಿದವನು. ತಾರಾಬಾಯಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆದದ್ದು ಏನೆಂದು ಹೇಳಬಲ್ಲವರು ಬೇರೆ ಯಾರೂ ಇಲ್ಲ.

ನಮ್ಮಲ್ಲಿ ಬರೆಯುವವರದೊಂದು ಬೈಠಕ ಇದೆ. ತಿಂಗಳ ಎರಡನೇ ಶನಿವಾರ ವಾಚನಾಲಯದ ಮೇಲಿನ ಖೋಲಿಯಲ್ಲಿ ಸೇರುತ್ತೇವೆ. ಅಥಣಿ, ಕಾಗವಾಡ, ರಾಯಬಾಗದಿಂದ ಜನ ಬರುತ್ತಾರೆ. ನಿಪ್ಪಾಣಿಯಿಂದ ಒಬ್ಬರು ಬರುತ್ತಾರೆ, ಬಸ್ಸು ಸಿಕ್ಕರೆ. ಅಧ್ಯಕ್ಷ ಸತ್ತೆಪ್ಪ, ಹತ್ತಿರದ ಸತ್ತಿ ಹಳ್ಳಿಯ ರೈತ. ಕೃಷ್ಣಾ ಹೊಳೆಯ ಮೇಲೆ ತಿಂಗಳಿಗೊಂದು ಕವಿತೆ ಬರೆಯುತ್ತಾನೆ. ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ, ಅವನ ಕವಿತೆ ಬತ್ತುವುದಿಲ್ಲ. ಪ್ರತಿ ಸಲ ಹೊರಗಿನಿಂದ ಒಬ್ಬ ಲೇಖಕರನ್ನು ಕರೆಸುತ್ತೇವೆ. ಉಣಬಡಿಸುವ ಮನೆಗಳು ಬಹಳಷ್ಟು ಜೈನರವಾದ್ದರಿಂದ ಹೊತ್ತು ಮುಳುಗುವ ಮುಂಚೆ ಅತಿಥಿಯ ಊಟ ಮುಗಿಯಬೇಕು. ಧಾರವಾಡದ ದೊಡ್ಡ ಲೇಖಕರು ಸಂಜೆ ಐದೂವರೆಗೆ ಹೋಳಿಗೆಯ ಮುಂದೆ ಕೂತು ನಮ್ಮ ಮುಖ ನೋಡುತ್ತಾರೆ. ಊಟದ ನಂತರ ವಿಮರ್ಶೆ. ಹೊಟ್ಟೆ ತುಂಬಿದವರು ಮೆತ್ತಗೆ ಮಾತಾಡುತ್ತಾರೆಂದು ಸತ್ತೆಪ್ಪ ನಂಬಿದ್ದಾನೆ, ನನ್ನ ಅನುಭವ ಬೇರೆ.

ವಿಮರ್ಶೆಗೆ ಒಂದು ನಿಯಮ ಇತ್ತು. ಬರೆದವರು ತಮ್ಮ ಬರಹವನ್ನು ತಾವು ಓದಬಾರದು, ಇನ್ನೊಬ್ಬರು ಓದಬೇಕು. ಎಲ್ಲರೂ ಮಾತಾಡಿ ಮುಗಿಸುವ ತನಕ ಬರೆದವರು ತುಟಿ ಪಿಟಕ್ಕೆನ್ನಬಾರದು. ಮೊದಲು ಇಲ್ಲಿ ಒಬ್ಬರಿಗೊಬ್ಬರು ಸಮಜಾಯಿಷಿ ಕೊಡುತ್ತ ಚಪ್ಪಲಿ ಬಿಡುವ ಜಾಗದವರೆಗೂ ಜಗಳ ಒಯ್ಯುತ್ತಿದ್ದರು, ಅದಕ್ಕಾಗಿ ಈ ನಿಯಮ ಮಾಡಿದೆವು. ಮಾಡಿದವನು ನಾನೇ.

ತಾರಾಬಾಯಿ ಮೊದಮೊದಲು ಅತಿಥಿಗಳ ಊಟಕ್ಕೆಂದು ಶೇಂಗಾ ಹೋಳಿಗೆ ಮಾಡಿಕೊಂಡು ಬರುತ್ತಿದ್ದರು. ಡಬ್ಬಿ ಕೊಟ್ಟು ಹೋಗುವ ಬದಲು ಬಾಗಿಲ ಬಳಿಯ ಚಾಪೆಯ ಮೇಲೆ ಕೂತುಬಿಡುತ್ತಿದ್ದರು. ಕಾಕಾಸಾಹೇಬ ತೀರಿಕೊಂಡಿದ್ದ, ಅತ್ತೆಯೂ ಹೋಗಿ ವರ್ಷವಾಗಿತ್ತು. ದ್ರಾಕ್ಷಿ ತೋಟ ಮಗ ವೃಷಭ ನೋಡಿಕೊಳ್ಳುತ್ತಿದ್ದ, ಅಡುಗೆಮನೆ ಸೊಸೆ ಮೇಘಾಳ ಕೈಯಲ್ಲಿತ್ತು. ಎರಡು ವರ್ಷ ಹೀಗೆ ಕೇಳುತ್ತಾ ಕೂತವರು ಒಂದು ದಿನ ನೀಲಿ ರಟ್ಟಿನ ವಹಿಯೊಂದನ್ನು ನನ್ನ ಮುಂದೆ ಇಟ್ಟರು.

“ಗುರುಗಳ, ಇದನ್ನ ಕನ್ನಡ ಅಕ್ಷರಕ್ಕ ಇಳಿಸಿ ಕೊಡ್ತೀರೇನ್ರಿ? ಬೈಠಕದಾಗ ಓದಿಸೂದೈತಿ.”

“ಏನ್ ಬರದೀರಿ ವೈನಿ?” ಎಂದೆ. ಗೆಳೆಯನ ಹೆಂಡತಿಯನ್ನು ಅತ್ತಿಗೆಯಂತೆ ವೈನಿ ಎಂದೇ ಕರೆಯುತ್ತಿದ್ದೆ.

“ನಮ್ಮ ಅತ್ತೀದು. ಹನ್ನೊಂದ ವರ್ಷದ್ದು.”

ಆ ಹನ್ನೊಂದು ವರ್ಷ ಇಡೀ ಊರಿಗೆ ಗೊತ್ತು. ಅತ್ತೆಗೆ ಲಕ್ವ ಹೊಡೆದು ಬಲಗಡೆಯೂ ಮಾತೂ ಹೋಗಿದ್ದವು. ತಾರಾಬಾಯಿ ಉಣಿಸಿದರು, ತೊಳೆದರು, ಮಗ್ಗುಲು ಬದಲಿಸಿದರು. ಬಸದಿಗೆ ಬಂದ ಹೆಂಗಸರು ತಮ್ಮ ಸೊಸೆಯಂದಿರಿಗೆ ಇವರನ್ನು ತೋರಿಸಿ ಹೇಳುತ್ತಿದ್ದರು. ನಾನೂ ಅದನ್ನೇ ನಿರೀಕ್ಷಿಸಿ ವಹಿ ತೆರೆದೆ. ಒಳಗೆ ಬೇರೆಯೇ ಇತ್ತು. ಅತ್ತೆ ಹಾಲಿನ ಕಪಾಟಿಗೆ ಕೀಲಿ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದು ಇತ್ತು. ಮೊದಲ ಕೂಸು ಸತ್ತು ಹುಟ್ಟಿದಾಗ ಅಳಬೇಡವೆಂದು ಗದರಿಸಿ ಮೂರನೇ ದಿನ ದನದ ಕೊಟ್ಟಿಗೆಯ ಕೆಲಸಕ್ಕೆ ಅಟ್ಟಿದ್ದು ಇತ್ತು. ಆಮೇಲೆ, ಮಾತು ಹೋದ ಅತ್ತೆ ಒಂದು ಮಧ್ಯಾಹ್ನ ನೀರಿಗೆ ಸನ್ನೆ ಮಾಡಿದಾಗ, “ತಂಬಿಗೆ ಅವಳ ಕೈಗೆ ಎಟುಕದಂಗ ಸರಿಸಿ ಇಟ್ಟೆ, ನಿಂತು ನೋಡಿದೆ” ಎಂದಿತ್ತು.

ನನ್ನ ಪೆನ್ನು ಅಲ್ಲಿ ನಿಂತಿತು. ಇರುವೆ ತುಳಿದರೆ ಪಾಪವೆನ್ನುವ ಮನೆತನದಲ್ಲಿ, ಬಾಯಿಲ್ಲದ ಮುದುಕಿಗೆ ನೀರು ತಪ್ಪಿಸಿದ ಕಥೆಯೇ? ವೃಷಭ ಊರಲ್ಲಿ ತಲೆ ಎತ್ತಿ ತಿರುಗುವುದು ಬೇಡವೇ? ಹೀಗೆಲ್ಲ ನನಗೆ ನಾನೇ ದೊಡ್ಡ ಮನುಷ್ಯನಂತೆ ವಾದಿಸಿಕೊಂಡು ನೀರಿನ ಕಥೆಯ ಎರಡು ಪುಟ ಬಿಟ್ಟೆ. ಕೀಲಿಯನ್ನೂ ಕೂಸನ್ನೂ ಬಿಟ್ಟೆ. ಸಂದು ತುಂಬಲು ನನ್ನವೇ ನಾಲ್ಕು ಸಾಲು ಸೇರಿಸಿದೆ: ಸೇವೆಯೇ ಭಾಗ್ಯ, ಅತ್ತೆಯೇ ತಾಯಿ, ಇತ್ಯಾದಿ. ಶಾಲೆಯಲ್ಲಿ ಬಹುಮಾನ ಬರುವಂಥ ಸಾಲುಗಳು. ಪ್ರತಿಯನ್ನೂ ವಹಿಯನ್ನೂ ತಾರಾಬಾಯಿಗೆ ಕೊಟ್ಟೆ. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಆದರೆ ಕಿವಿ ಇತ್ತು ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಆಷಾಢದ ಆ ಬೈಠಕಕ್ಕೆ ಧಾರವಾಡದಿಂದ ಒಬ್ಬ ಹಿರಿಯ ಲೇಖಕಿ ಬಂದಿದ್ದರು. ಓದಿದವನು ನಾನೇ. ಮೊದಲ ಪುಟಕ್ಕೆ ತಾರಾಬಾಯಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಮೂರನೆಯದಕ್ಕೆ ನನ್ನ ಮುಖವನ್ನೇ ನೋಡತೊಡಗಿದರು. ನಾನು ಕಾಗದದಿಂದ ಕಣ್ಣು ಎತ್ತಲಿಲ್ಲ. ನಮ್ಮವರು ಚೆನ್ನಾಗಿದೆ, ಆದರ್ಶವಾಗಿದೆ ಎಂದರು. ಕೊನೆಗೆ ಲೇಖಕಿ ಮಾತಾಡಿದರು. “ಇದು ಸನ್ಮಾನ ಪತ್ರದ ಹಾಗಿದೆ. ಹನ್ನೊಂದು ವರ್ಷ ಒಬ್ಬರ ಮಲ ಮೂತ್ರ ಬಳಿದವರಿಗೆ ಒಂದು ದಿನವೂ ಸಿಟ್ಟು ಬರಲಿಲ್ಲವೇ? ಬರೆದವರಿಗೆ ಧೈರ್ಯ ಇಲ್ಲ. ಧೈರ್ಯ ಇಲ್ಲದಿದ್ದರೆ ಬರೆಯುವ ಗೋಜಿಗೆ ಹೋಗಬಾರದು,” ಎಂದರು.

ಆ ಗಳಿಗೆ ನಾನು ಎದ್ದು ನಿಲ್ಲಬೇಕಿತ್ತು. ನಿಯಮ ಬರೆದವರಿಗೆ ಇತ್ತೇ ಹೊರತು ಓದಿದವನಿಗೆ ಇರಲಿಲ್ಲ. ನಾನು ಕಾಗದ ಮಡಚುತ್ತ ಕೂತೆ. ಸತ್ತೆಪ್ಪ, “ತಾರಾಬಾಯಾರ, ಈಗ ನೀವು ಮಾತಾಡಬಹುದ್ರಿ,” ಎಂದ. ಅವರು ಸೆರಗು ಸರಿಮಾಡಿಕೊಂಡರು.

“ನಂದ ತಪ್ಪ ಐತ್ರಿ. ಬರಿಯಾಕ ಇನ್ನೂ ಕಲೀಬೇಕು.”

ನಲವತ್ತು ಜನರೆದುರು ನನ್ನ ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಂಡರು. ಕೆಳಗಿಳಿದ ಮೇಲೆ ಮೆಟ್ಟಿಲ ಬಳಿ ನನಗಾಗಿ ನಿಂತಿದ್ದರು.

“ಗುರುಗಳ, ನೀರಿಂದು ಯಾಕ ಬಿಟ್ರಿ?”

“ಮನಿತನದ ಮರ್ಯಾದಿ ವೈನಿ. ವೃಷಭ ಏನ್ ತಿಳ್ಕೊಂಡಾನು?”

“ಅಂವಗ ತಿಳೀಲಿ ಅಂತನ ಬರದಿದ್ದೆ. ಮಂದಿ ನನ್ನ ದೇವ್ರ ಮಾಡ್ಯಾರ. ಅದನ್ನ ಹೊತಗೊಂಡು ಸಾಕಾಗೇತ್ರಿ ನನಗ.”

ಅಷ್ಟು ಸ್ಪಷ್ಟವಾಗಿ ಹೇಳಿದರು. ಮುಂದಿನ ತಿಂಗಳು ಬರೆದದ್ದನ್ನು ಬರೆದ ಹಾಗೆ ಪೂರ್ತಿ ಓದುತ್ತೇನೆ, ವಹಿ ತನ್ನಿ ಎಂದು ಮಾತು ಕೊಟ್ಟೆ. ಅವರ ಮುಖ ಸ್ವಲ್ಪ ಹಗುರಾಯಿತು.

ಮುಂದಿನ ತಿಂಗಳು ಅವರು ಕೈಚೀಲದಲ್ಲಿ ವಹಿ ತಂದಿದ್ದರು. ಚಿಕ್ಕೋಡಿಯ ಹುಡುಗಿಯೊಬ್ಬಳ ಕವಿತೆಗಳಿವೆ, ಈ ಸಲ ಬೇಡ ಎಂದೆ. ಅದರ ಮುಂದಿನ ತಿಂಗಳೂ ತಂದರು. ಚಾತುರ್ಮಾಸದ ಪ್ರವಚನ ಇದೆ, ಬೇಗ ಮುಗಿಸಬೇಕು ಎಂದೆ. ಮೂರನೇ ಸಲ, “ಈ ತಿಂಗಳ ಆಗತೈತೇನ್ರಿ?” ಎಂದು ಕೇಳಿದಾಗ ತೋಟಗಳಲ್ಲಿ ದ್ರಾಕ್ಷಿ ಕಡ್ಡಿ ಕತ್ತರಿಸುವ ಹಂಗಾಮು, ಜನ ಕಡಿಮೆ ಎಂದೆ. ಎಲ್ಲ ನೆಪ. ನಿಜವಾದ ಕಾರಣ ಒಂದೇ. ಅದನ್ನು ಓದಬೇಕಾದರೆ ನಾನು ಕತ್ತರಿ ಹಾಕಿದ್ದೆ ಎಂದು ಮೊದಲು ಹೇಳಬೇಕಿತ್ತು. ನನ್ನ ಶಿಷ್ಯರು ಅರ್ಧ ಖೋಲಿ ತುಂಬಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಮತ್ತು ಆ ನಾಚಿಕೆಯನ್ನು ಒಬ್ಬ ವಿಧವೆಯ ಹೆಗಲ ಮೇಲೆ ಬಿಟ್ಟು ನಾನು ಆರಾಮಾಗಿ ಚಹಾ ಕುಡಿಯುತ್ತಿದ್ದೆ.

ದೀಪಾವಳಿಯ ನಂತರ ಅವರು ಕೇಳುವುದನ್ನು ನಿಲ್ಲಿಸಿದರು. ಚೀಲ ತರಲಿಲ್ಲ. ಬಾಗಿಲ ಬಳಿ ಕೂತು ಉಳಿದವರ ಕವಿತೆ ಕೇಳಿ ಹೋಗುತ್ತಿದ್ದರು. ನಾನು, ಮರೆತಿರಬೇಕು ಬಿಡು ಎಂದುಕೊಂಡೆ. ಎಂಥ ನೀಚ ಸಮಾಧಾನ!

ಮಾಘ ಮಾಸದ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಮಿರಜಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಅರವತ್ತೊಂದು ವಯಸ್ಸು.

ಎರಡು ವಾರದ ಮೇಲೆ ವೃಷಭ ಮನೆಗೆ ಬಂದ. “ಗುರುಗಳ, ಅವ್ವ ಬರದ ಲೇಖ ಶ್ರದ್ಧಾಂಜಲಿ ಸಭಾದಾಗ ನೀವ ಓದ್ರಿ. ಆಮ್ಯಾಲ ಅದನ್ನ ಸಣ್ಣ ಪುಸ್ತಕ ಮಾಡಿ ಬೀಗರಿಗೆಲ್ಲಾ ಹಂಚಬೇಕಂತ ಮಾಡೇನಿ,” ಎಂದ. ಅವನ ಕೈಯಲ್ಲಿ ನನ್ನ ಪ್ರತಿ ಇತ್ತು. ಸೇವೆಯೇ ಭಾಗ್ಯ, ಅತ್ತೆಯೇ ತಾಯಿ. ಇದೊಂದು ಸಲವಾದರೂ ಮನುಷ್ಯನಾಗಬೇಕೆಂದು ನಿಶ್ಚಯಿಸಿ, ಮೂಲ ವಹಿ ಬೇಕು ಎಂದು ಅವನ ಜೊತೆಯಲ್ಲೇ ಹೊರಟೆ.

ಮೇಘಾ ವಹಿ ತಂದುಕೊಟ್ಟಳು. ನಿಂತಲ್ಲೇ ತೆರೆದೆ. ತಾರಾಬಾಯಿಯ ದುಂಡು ಅಕ್ಷರದಲ್ಲಿ, ಮೊದಲ ಸಾಲಿನಿಂದ ಕೊನೆಯವರೆಗೆ, ನನ್ನ ಪ್ರತಿಯೇ ಇತ್ತು. ಕೀಲಿ ಇಲ್ಲ, ಕೂಸು ಇಲ್ಲ, ತಂಬಿಗೆ ಇಲ್ಲ.

“ಹಳೇ ಹಾಳಿ ಎಲ್ಲಿ ಹೋದುವವ್ವಾ?” ಎಂದು ಕೇಳಿದೆ.

“ದೀಪಾವಳಿ ಮುಂದ ಅತ್ತಿ ನನ್ನ ಕುಂಡ್ರಿಸಿ, ನಿಮ್ಮ ಪ್ರತಿ ಓದಸ್ಕೋತ ಪೂರಾ ಬರಕೊಂಡ್ರಿ. ಹಳೇವು ಹರದು ಬಚ್ಚಲ ಒಲಿಗೆ ಹಾಕಿದ್ರು. ಯಾಕ್ರಿ ಅತ್ತಿ ಅಂದೆ. ‘ಗುರುಗಳಿಗೆ ಸೇರಲಿಲ್ಲವ್ವಾ. ಹೇಳಾಕ ಆಗದ ಮುಂದೂಡಾಕತ್ತಾರ. ಅವರಿಗೆ ತಿಳೀತೈತಿ, ನಂದ ತಪ್ಪಿರಬೇಕು’ ಅಂದ್ರು.”

ಸಭೆಯ ದಿನ ಖೋಲಿ ಭರ್ತಿಯಾಗಿತ್ತು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಾನು ಬಿಟ್ಟದ್ದು, ನಾನು ಸೇರಿಸಿದ್ದು, ಧಾರವಾಡದವರು ಬೈದದ್ದು ನನಗೆ ಸಲ್ಲಬೇಕಿತ್ತೆಂಬುದು, ಮೂರು ತಿಂಗಳ ನೆಪಗಳು. ಆಮೇಲೆ ತಾರಾಬಾಯಿ ಬರೆದದ್ದನ್ನು ನೆನಪಿದ್ದಷ್ಟು ಅವರ ಮಾತಿನಲ್ಲೇ ಹೇಳತೊಡಗಿದೆ. ಕೀಲಿ. ಕೂಸು. ಸತ್ತೆಪ್ಪ ಮುಖಕ್ಕೆ ಟವೆಲು ಹಿಡಿದಿದ್ದ. ವೃಷಭ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ, ಹೋಗಲಿಲ್ಲ. ನೀರಿಗೆ ಸನ್ನೆ ಮಾಡಿದ್ದು ಹೇಳಿದೆ. ತಂಬಿಗೆ ಸರಿಸಿ ಇಟ್ಟದ್ದು ಹೇಳಿದೆ, ನಿಂತು ನೋಡಿದ್ದು ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ.

ವೃಷಭ ತಲೆ ಎತ್ತಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಆಮ್ಯಾಲ್ರಿ ಗುರುಗಳ? ಅವ್ವ ನೀರ್ ಕೊಟ್ಳೇನ್ರಿ? ಅಜ್ಜಿ ಏನ್ ಮಾಡಿದ್ಲು? ಮುಂದ ಏನ್ ಬರದಿದ್ಲು?”

ಎರಡು ಪುಟ ಬರೆದಿದ್ದರು. ಆ ಸಾಲಿಗೆ ಬಂದು ನಾನು ಮನಸ್ಸಿನಲ್ಲೇ ಗೀಟು ಎಳೆದಿದ್ದೆ, ಹಾಳೆ ಮಗುಚಿ ಮುಂದೆ ಹೋಗಿದ್ದೆ. ಮೂವತ್ನಾಲ್ಕು ವರ್ಷ ಮಕ್ಕಳ ಪೇಪರಿಗೂ ಹಾಗೆಯೇ ಮಾಡಿದವನು. ತಪ್ಪೆಂದು ಕಂಡ ಮೇಲೆ ಕೆಳಗಿನದನ್ನು ಓದುವ ಪದ್ಧತಿ ನನ್ನದಲ್ಲ.

“ಗೊತ್ತಿಲ್ಲಪ್ಪಾ,” ಎಂದೆ. “ಮುಂದಿಂದು ನಾ ಓದಲೇ ಇಲ್ಲ.”

ಅವನು ಮೇಘಾಳ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು, ಅವಳೂ ಓದಿರಲಿಲ್ಲ. ಅವನು ಮತ್ತೆ ನನ್ನ ಕಡೆ ತಿರುಗಿ, ನಾನು ಇನ್ನೇನಾದರೂ ಹೇಳಿಯೇನು ಎಂದು ಬಹಳ ಹೊತ್ತು ಕಾಯುತ್ತ ಕೂತಿದ್ದ.