ಕಿವಿಗೆ ಹಿಡಿದ ಮಾತ್ರೆ ಡಬ್ಬಿ

ನಾವು ತಂದ ಮಾತ್ರೆ ಡಬ್ಬಿಯನ್ನು ಮೇಡಂ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಗಿಲಗಿಲ ಅಲ್ಲಾಡಿಸುವರು. ಬಳೆಗಳೂ ಜೊತೆಗೆ ಸದ್ದು ಮಾಡುತ್ತಿದ್ದವು. “ಐದು ಉಳಿದಾವೆ” ಎನ್ನುವರು. ಎಣಿಸಿದರೆ ಎಂಟಿರುತ್ತಿತ್ತು. ಒಮ್ಮೆಯೂ ಸರಿ ಹೇಳಿದವರಲ್ಲ, ಹೇಳುವುದನ್ನು ಬಿಟ್ಟವರೂ ಅಲ್ಲ. ಶಿಕಾರಿಪುರದ ಆಸ್ಪತ್ರೆಯಲ್ಲಿ ಎಚ್‌ಐವಿ ಇರುವವರಿಗೆ ಧೈರ್ಯ, ತಿಳಿವಳಿಕೆ ಹೇಳುವ ಕೆಲಸ ಅವರದು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು.

ನಾನು ಸೊರಬದ ಕಡೆಯವನು, ಜಡೆಯ ಹತ್ತಿರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗದ್ದೆ ಉಳುವ ಟಿಲ್ಲರ್ ಹಿಡಿದೆ. ನಾನು ಹೊಡೆದ ಗದ್ದೆಯಲ್ಲಿ ನೀರು ಕನ್ನಡಿಯಂತೆ ಮಟ್ಟವಾಗಿ ನಿಲ್ಲುತ್ತದೆ. ಇದನ್ನು ಹೊಸಬಾಳೆ ಊರಿನ ರೈತರೂ ಒಪ್ಪುತ್ತಾರೆ. ನನಗೂ ಎಚ್‌ಐವಿ ಇದೆ; ಗುರುತಿನವರು ಸಿಗಬಾರದೆಂದೇ ಮಾತ್ರೆಗೆ ಪಕ್ಕದ ತಾಲ್ಲೂಕಿನ ಆ ಆಸ್ಪತ್ರೆಗೆ ಹೋಗುತ್ತಿದ್ದೆ. ಮೇಡಂಗೆ ಅದು ಗೊತ್ತಿತ್ತು. ಬಸ್ಸಿನಲ್ಲಿ ಎದುರಾದರೆ ತಾವಾಗಿ ಎಂದೂ ಮಾತಾಡಿಸುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂರುವರು.

ಒಂದು ಸಲ ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ ಎಂದು ಬಂತು. ಹಿಗ್ಗಿಹೋದೆ. ಗೆದ್ದೆ ಅಂದುಕೊಂಡು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಮುಂದಿನ ಸಲ ಹೋದಾಗ ಮೇಡಂ ಡಬ್ಬಿ ಅಲ್ಲಾಡಿಸಿದರು. ಬಾಯಿತನಕ ತುಂಬಿದ್ದ ಡಬ್ಬಿ ಗಿಲಕ್ ಅನ್ನಲಿಲ್ಲ. ಕಣ್ಣು ತೆರೆದರು.

“ಏನ್ರೀ, ಇದು ಮಾತೇ ಆಡ್ತಿಲ್ಲ?”

“ವೈರಸ್ಸೇ ಇಲ್ಲ ಅಂತ ಬಂತಲ್ಲ ಮೇಡಂ. ಗಟ್ಟಿಮುಟ್ಟಾಗಿದೀನಿ, ಸುಮ್ನೆ ಯಾಕೆ ನುಂಗ್ಲಿ?”

“ರಕ್ತದಲ್ಲಿ ಕಾಣ್ಲಿಲ್ಲ ಅಂದ್ರೆ ಹೋಯ್ತು ಅಂತಲ್ಲ. ಮೈ ಕಾಯೋ ಜೀವಕೋಶ ಇದಾವಲ್ಲ, ಅದ್ರೊಳಗೇ ಹೊಕ್ಕು ಮಲಗಿರ್ತದೆ. ಮಲಗಿದ್ದನ್ನ ಮಾತ್ರೆ ಕೊಲ್ಲಲ್ಲ; ಎದ್ದದ್ದು ಹರಡದಂಗೆ ತಡೀತದೆ.”

ನನಗೆ ಥಟ್ಟನೆ ಗದ್ದೆ ಕಂಡಿತು. “ಕಳೆ ಬೀಜ ಇದ್ದಂಗೆ ಅನ್ನಿ. ನೀರು ನಿಂತಿರೋ ತನಕ ತಲೆ ಎತ್ತಲ್ಲ. ಬತ್ತಿದ್ರೆ ಗದ್ದೆ ತುಂಬಾ ಹುಲ್ಲು.”

“ನೀವೀಗ ಬದು ಒಡ್ದು ನೀರು ಖಾಲಿ ಮಾಡ್ಕೊಂಡು ಕೂತಿದೀರಿ! ಆ ಬೀಜಾನೇ ತೆಗೀಬೇಕಂದ್ರೆ ಏನ್ ಮಾಡ್ತೀರಿ?”

“ನಾಟಿಗೆ ಮುಂಚೆ ಹದವಾಗಿ ನೀರು ಕೊಟ್ಟು ಬೇಕಂತ್ಲೇ ಕಳೆ ಎಬ್ಬಿಸ್ತೀವಿ. ಎದ್ದ ಮೇಲೆ ಟಿಲ್ಲರ್ ಹೊಡೆದು ಕೆಸರಲ್ಲಿ ಹೂತುಬಿಡೋದು.”

ಮೇಡಂ ಖುಷಿಗೆ ಮೇಜು ಗುದ್ದಿದರು. “ವಿಜ್ಞಾನಿಗಳೂ ಇದನ್ನೇ ನೋಡ್ತಿದಾರೆ ಕಣ್ರೀ! ಒಂದು ಔಷಧಿ ಕೊಟ್ಟು ಮಲಗಿದ್ದನ್ನ ಎಬ್ಬಿಸೋದು, ಎದ್ದ ಮೇಲೆ ಮುಗಿಸೋದು. ಇನ್ನು ಕೆಲವರು, ಏಳದಂಗೇ ಬೀಗ ಜಡಿಯೋ ಔಷಧಿ ಹುಡುಕ್ತಿದಾರೆ.”

“ಒಂದೇ ಸಲಕ್ಕೆ ಎಲ್ಲಾ ಬೀಜ ಏಳಲ್ಲ ಮೇಡಂ.”

“ಅವರ ಟಿಲ್ಲರೂ ಅಲ್ಲೇ ಹೂತಿರೋದು! ಅದು ಹೊರಗೆ ಬರೋ ತನಕ ನೀವು ನೀರು ಬತ್ತದಂಗೆ ನೋಡ್ಕೊಳ್ಳಿ, ಮಾತ್ರೆ ತಪ್ಪಿಸ್ಬೇಡಿ.”

ಆ ದಿನ ಪರೀಕ್ಷೆಗೆ ಕೊಟ್ಟ ರಕ್ತದಲ್ಲಿ ವೈರಸ್ ಮತ್ತೆ ಕಂಡಿತ್ತು. ಮತ್ತೆ ಮಾತ್ರೆ ಹಿಡಿದೆ. ಕೆಲವು ತಿಂಗಳಲ್ಲಿ ಅದು ಕಾಣೆಯಾಯಿತು. ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಯಾರಾದರೂ ಮಾತ್ರೆ ಸಾಕು ಎಂದು ಹಟ ಹಿಡಿದರೆ ಮೇಡಂ ನನ್ನ ಒಪ್ಪಿಗೆ ಕೇಳಿ ಅವರ ಎದುರು ಕೂರಿಸುತ್ತಿದ್ದರು: “ಇವ್ರ ಹತ್ರ ಗದ್ದೆ ಪಾಠ ಕೇಳ್ರಿ, ನಂಗಿಂತ ಚೆನ್ನಾಗಿ ಹೇಳ್ತಾರೆ.” ಎದೆ ಉಬ್ಬಿಸಿಕೊಂಡೇ ಹೇಳುತ್ತಿದ್ದೆ.

ಈಗ ಅವರು ನಿವೃತ್ತರು. ಮೊನ್ನೆ ಆಸ್ಪತ್ರೆಯಿಂದ ಮರಳುವಾಗ ಸೊರಬದ ಬಸ್ಸಿನಲ್ಲಿ ಸಿಕ್ಕಿದರು. ಮೊಮ್ಮಗಳಿಗೆ ಗುಡವಿ ಪಕ್ಷಿಧಾಮದ ಹಕ್ಕಿ ತೋರಿಸಲು ಹೊರಟಿದ್ದರು. ನನ್ನ ಪಕ್ಕದಲ್ಲಿ ನಮ್ಮೂರಿನವನಿದ್ದ. ಅವನನ್ನು ಕಂಡು ಮೇಡಂ ಎಂದಿನಂತೆ ಕಿಟಕಿಯ ಕಡೆ ತಿರುಗಿದರು. ನಾನು ಚೀಲದಿಂದ ಮಾತ್ರೆ ಉಳಿದಿದ್ದ ಹಳೇ ಡಬ್ಬಿ ತೆಗೆದು, ಕಿವಿಗೆ ಹಿಡಿದು ಅಲ್ಲಾಡಿಸಿದೆ. ಅವರ ಭುಜ ಕುಲುಕಿತು. ತಿರುಗದೆಯೇ “ಒಂಬತ್ತು” ಅಂದರು.

“ಆರು ಮೇಡಂ!”

ಬಸ್ಸೆಲ್ಲ ನೋಡುವಂತೆ ನಕ್ಕೆವು. ನಮ್ಮೂರಿನವನು ಕೇಳಿದ, “ಯಾರೋ ಮಾರಾಯ ಅವರು?”

“ಏಳನೇ ಕ್ಲಾಸ್ ಆದ್ಮೇಲೆ ನಂಗೆ ಪಾಠ ಮಾಡಿದ ಟೀಚರ್” ಅಂದೆ.