ಮೂರು ಸುತ್ತಿನ ಗಂಟು

ಕೋಟರ್ ಬಂದರಿನಲ್ಲಿ ತ್ರಿಪೋನ ಅನುಮಾನಕ್ಕೆ ಸಿಗದೆ ಉಳಿದವರು ಯಾರೂ ಇಲ್ಲ. ಹಾಲು ತೆಳ್ಳಗಿದೆಯೆಂದು ತನ್ನದೇ ಮೇಕೆಯನ್ನು ಗುರಾಯಿಸಿದ ಮಹಾನುಭಾವ ಅವನು. ಬೆಳಿಗ್ಗೆ ಮನೆಯಿಂದ ಹೊರಟರೆ ಬಾಗಿಲನ್ನು ಎರಡು ಸಲ ಎಳೆದು ನೋಡುತ್ತಾನೆ, ಬೀದಿಯ ತಿರುವಿನವರೆಗೆ ಹೋಗಿ ಮರಳಿ ಬಂದು ಇನ್ನೊಮ್ಮೆ ಎಳೆಯುತ್ತಾನೆ. ಒಳಗೆ ಹೆಂಡತಿ ಲೂತ್ಸಾ ಇದ್ದೇ ಇರುತ್ತಾಳೆ, ಅದು ಬೇರೆ ಮಾತು.

ಇಂಥವನಿಗೆ ಸುಂಕದ ಕಚೇರಿ ಹೇಳಿ ಮಾಡಿಸಿದಂಥ ಕೆಲಸವನ್ನೇ ಕೊಟ್ಟಿತ್ತು. ಪ್ರವಾಸಿ ಹಡಗು ಬಂದರಿಗೆ ಬಂದು ನಿಂತೊಡನೆ ಅದರೊಳಗಿನ ಜೂಜುಕೋಣೆಯೂ ಅಂಗಡಿಗಳೂ ಮುಚ್ಚಬೇಕು, ಹೊರಡುವವರೆಗೆ ತೆರೆಯುವಂತಿಲ್ಲ. ಸುಂಕ ಕಟ್ಟದ ಸೆಂಟು, ಸಾರಾಯಿ ಊರೊಳಗೆ ನುಸುಳಬಾರದಲ್ಲ. ಮೂವತ್ತೊಂದು ವರ್ಷದಿಂದ ತ್ರಿಪೋ ಆ ಬಾಗಿಲುಗಳ ಜೋಡಿ ಹಿಡಿಗಳನ್ನು ದಾರದಿಂದ ಬಿಗಿದು ಗಂಟು ಹಾಕಿ, ದಾರದ ಎರಡು ತುದಿಗಳಿಗೂ ಬೇರೆಬೇರೆ ಅರಗಿನ ಮುದ್ರೆ ಒತ್ತುತ್ತಿದ್ದ. ಅರಗಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಅರಗು ಸರ್ಕಾರದ್ದು, ಗಂಟು ತನ್ನದು. ಮೂರು ಸುತ್ತು, ಮೂರನೆಯದು ಎಡಕ್ಕೆ. ಅರಗು ಒಡೆಯದೆಯೇ ಯಾವನಾದರೂ ಗಂಟು ಬಿಚ್ಚಿ ಕಟ್ಟಿದರೆ ತನ್ನ ಕಣ್ಣಿಗೆ ಬೀಳದೆ ಇರದು ಎಂಬ ಧೈರ್ಯ ಅವನದು.

ಆ ಗಂಟು ಬಲ್ಲ ಇನ್ನೊಂದು ಜೀವವೆಂದರೆ ಮಗಳು ರೂಜಾ. ಅವಳಿಗೆ ಅವನು ಕಲಿಸಿದ್ದಲ್ಲ. ಹತ್ತೊಂಬತ್ತರ ಹುಡುಗಿ ಯಾರಿಗೆ ಕಾಗದ ಬರೆಯುತ್ತಾಳೋ ಎಂಬ ಗುಮಾನಿಯಲ್ಲಿ ಅವಳ ಪೆಟ್ಟಿಗೆಗೇ ದಾರ ಕಟ್ಟಿದ್ದ. ಒಂದು ಭಾನುವಾರ ಊಟದ ಮೇಜಿನಲ್ಲಿ ಅವಳು ಶಾಂತವಾಗಿ ಹೇಳಿದಳು:

"ಅಪ್ಪಾ, ನಿನ್ನ ದಾರಾನ ಮೂರ್ ಸಲ ಬಿಚ್ಚಿದೀನಿ, ಮೂರ್ ಸಲ ಕಟ್ಟಿದೀನಿ. ಗೊತ್ತಾಯ್ತಾ ನಿಂಗೆ?"

ಗೊತ್ತಾಗಿರಲಿಲ್ಲ. ತಟ್ಟೆಯಲ್ಲಿದ್ದ ಪ್ರಿಗಾನಿತ್ಸೆ, ಎಣ್ಣೆಯಲ್ಲಿ ಕರಿದು ಜೇನು ಸವರಿದ ಹಿಟ್ಟಿನುಂಡೆ, ಹಾಗೇ ಆರಿಹೋಯಿತು. ಮರು ತಿಂಗಳೇ ರೂಜಾ ಯಾವುದೋ ಹಡಗಿನ ಅಂಗಡಿಯಲ್ಲಿ ಕೆಲಸ ಹಿಡಿದು ಹೊರಟುಹೋದಳು. ನಾಲ್ಕು ವರ್ಷ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈ ಏಪ್ರಿಲ್‌ನಿಂದ ಅವಳ ಹಡಗು ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಇದೇ ಬಂದರಿಗೆ ಬರತೊಡಗಿತು. ಅವಳ ಅಂಗಡಿಗೆ ಮುದ್ರೆ ಹಾಕುವವನು ಇವನೇ. ಅಂಗಡಿ ಮುಚ್ಚಿದ ಮೇಲೆ ಅವಳಿಗೆ ಒಂಬತ್ತು ಗಂಟೆ ಬಿಡುವು. ಮನೆ ಹತ್ತು ನಿಮಿಷದ ದಾರಿ. ಆದರೂ ಹಡಗಿನಿಂದ ಇಳಿಯುತ್ತಿರಲಿಲ್ಲ.

"ಮುಚ್ಚಿದ ಬಾಗಿಲ ಮುಂದೆ ದಿನವಿಡೀ ಏನ್ ಮಾಡ್ತಾಳೆ ಅವ್ಳು?" ಎಂದು ತ್ರಿಪೋ ಷೂ ಕಟ್ಟುತ್ತ ಕೇಳಿದ. "ಏನೋ ನಡೀತಿದೆ."

"ನೀನು ಮನೆಗೆ ಬಾ ಅಂತ ಕರೆದಿದೀಯಾ?" ಎಂದಳು ಲೂತ್ಸಾ.

"ಈ ಲೇಸು ಮೋಸದ ಮಾಲು. ಕಟ್ಟಿದ ಹಾಗೇ ಜಾರ್ತದೆ."

"ಮೂರನೇ ಜೊತೆ ಕಣಯ್ಯಾ ಇದು! ಊರಿನ ಅಂಗಡಿಯೋರೆಲ್ಲ ಸೇರ್ಕೊಂಡು ನಿನ್ನ ಷೂ ಮೇಲೆ ಪಿತೂರಿ ಮಾಡಿದಾರಾ?"

ಆ ಮಂಗಳವಾರ ರಾಜಧಾನಿಯಿಂದ ವುಕೋತಾ ಎಂಬ ತಪಾಸಣಾಧಿಕಾರಿ ಬರುವವನಿದ್ದ. ತ್ರಿಪೋನ ನಿವೃತ್ತಿಗೆ ನಾಲ್ಕೇ ತಿಂಗಳು. ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಮುಂದೆ ಅಪ್ಪ ಮಗಳ ಎಂದಿನ ಸಂಭಾಷಣೆ ನಡೆಯಿತು.

"ಒಳಗೆ ಯಾರಾದ್ರೂ?"

"ಯಾರೂ ಇಲ್ಲ."

ಎರಡು ಸುತ್ತು ಹಾಕಿದ. ಮೂರನೆಯದಕ್ಕೆ ಹೆಬ್ಬೆರಳು ಬಗ್ಗಲೇ ಇಲ್ಲ. ರೂಜಾ ನೋಡುತ್ತಿದ್ದಳು. ಕಚೇರಿಯವರು ಕಳಪೆ ದಾರ ತರಿಸಿದ್ದಾರೆಂದು ಮನಸ್ಸಿನಲ್ಲೇ ಬೈದು, ಎರಡಕ್ಕೇ ನಿಲ್ಲಿಸಿ, ಅರಗು ಒತ್ತಿ ನಡೆದ.

ಸಂಜೆ ಐದಕ್ಕೆ ವುಕೋತಾನ ಜೊತೆ ಮರಳಿ ಬಂದು ಬಗ್ಗಿ ನೋಡಿದ. ಅರಗು ಬಿರುಕಿಲ್ಲದೆ ಇತ್ತು. ಗಂಟಿಗೆ ಮೂರು ಸುತ್ತು. ಮೂರನೆಯದು ಎಡಕ್ಕೆ.

"ಮಧ್ಯಾಹ್ನ ನಾನೇ ಎಳೆದು ನೋಡ್ದೆ, ಜಪ್ಪಯ್ಯ ಅನ್ಲಿಲ್ಲ," ಎಂದ ವುಕೋತಾ, ಕಾಗದ ಅವನ ಕೈಗಿಡುತ್ತ. "ಭದ್ರವಾಗಿದೆ ಅಂತ ಬರೆದು ಸಹಿ ಹಾಕಿ ಯಜಮಾನ್ರೆ. ಅಷ್ಟ್ರಲ್ಲಿ ಜೂಜುಕೋಣೆ ನೋಡ್ಕೊಂಡ್ ಬರ್ತೀನಿ."

ಅವನು ಅತ್ತ ಹೋದ. ಮುದ್ರೆ ಕೆಟ್ಟಿದೆಯೆಂದು ಬರೆದರೆ ಹಡಗಿಗೆ ದಂಡ, ಮಗಳ ಕೆಲಸಕ್ಕೆ ಕತ್ತರಿ. ಬರೆಯದಿದ್ದರೆ ಮೂವತ್ತೊಂದು ವರ್ಷದ ಹೆಸರಿಗೆ ತಾನೇ ಮಸಿ ಬಳಿದಂತೆ.

"ಯಾರಿಗೆ ಮಾರ್ದೆ?" ಎಂದ ತ್ರಿಪೋ, ಬಾಗಿಲ ಪಕ್ಕದಲ್ಲಿ ನಿಂತಿದ್ದ ರೂಜಾಳಿಗೆ, ತಗ್ಗಿದ ದನಿಯಲ್ಲಿ. "ಬಿಚ್ಚಿದ್ದು ನೀನೇ ತಾನೆ?"

"ಕಟ್ಟಿದ್ದು ನಾನು. ಬಿಚ್ಚಿದ್ದಲ್ಲ. ಹತ್ತು ಗಂಟೆಗೆ ಯಾರೋ ಅಜ್ಜಿ ಬಾಗಿಲಿಗೆ ಒರಗಿಕೊಂಡ್ರು. ತಾನೇ ತೆರ್ಕೊಳ್ತು."

"ಇದನ್ನ ನಾನು ನಂಬಬೇಕಾ?"

"ಬೇಡ. ನೀನು ಯಾವತ್ತು ನಂಬಿದೀಯ?" ರೂಜಾಳ ಕಣ್ಣು ತುಂಬಿತು, ದನಿ ಮಾತ್ರ ಕುಗ್ಗಲಿಲ್ಲ. "ಮೊದಲನೇ ಮಂಗಳವಾರಾನೇ ಮನೆಗೆ ಬರ್ತೀನಿ ಅಂತ ಬ್ಯಾಗ್ ಹಿಡ್ಕೊಂಡು ಹೊರಟಿದ್ದೆ. ಅಂಗಡಿ ಬಾಗಿಲ ಮುಂದೆ ಹಾದು ಹೋಗೋವಾಗ ನೋಡ್ದೆ, ನಿನ್ನ ಗಂಟು ಸಡ್ಲ. ಬಿಗಿ ಮಾಡ್ದೆ. ಅದರ ಮುಂದಿನ ಸಲಾನೂ ಸಡ್ಲ. ಇವತ್ತು ಎರಡೇ ಸುತ್ತು. ನಿವೃತ್ತಿ ಆಗೋ ಹೊತ್ತಲ್ಲಿ ನಿನ್ನ ಮರ್ಯಾದೆ ಹೋಗ್ಬಾರ್ದು ಅಂತ ಬೇಸಿಗೆಯಿಡೀ ಇಲ್ಲೇ ಕಾದು ಕೂತಿದೀನಿ ಅಪ್ಪಾ. ಏನ್ ಬೇಕಾದ್ರೂ ಬರ್ಕೊ."

ಸಾಕ್ಷಿಯಿಲ್ಲ, ಪುರಾವೆಯಿಲ್ಲ. ತ್ರಿಪೋ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದ. ಹಡಗಿನ ಕೆಂಪು ಜಮಖಾನೆಯ ಮೇಲೆ ಅವನ ಎಡಗಾಲಿನ ಲೇಸು ಬಿಚ್ಚಿ ಬಿದ್ದಿತ್ತು. ಮೂರನೇ ಜೊತೆ ಲೇಸು. ಇವತ್ತಿಗೆ ಅದು ಬಿಚ್ಚಿಕೊಂಡದ್ದು ಐದನೇ ಸಲ. ಜಗತ್ತೆಲ್ಲ ತನಗೆ ಕೈಕೊಡುತ್ತದೆಂದು ಮೈಯೆಲ್ಲ ಕಣ್ಣಾಗಿ ಕಾದವನಿಗೆ ಕೊನೆಗೆ ಕೈಕೊಟ್ಟದ್ದು ಅವನ ಕೈಯೇ. ಅದು ಅರ್ಥವಾದಾಗ ಅವನಿಗೆ ನಾಚಿಕೆಯಾಯಿತು, ಅಳು ಬಂತು.

ರೂಜಾ ಮಂಡಿಯೂರಿ ಲೇಸು ಕಟ್ಟಿದಳು.

ವುಕೋತಾ ಬರುವಷ್ಟರಲ್ಲಿ ಕಾಗದದಲ್ಲಿ "ಭದ್ರ" ಎಂಬ ಮಾತೂ ಅಂಕುಡೊಂಕು ಸಹಿಯೂ ಬಿದ್ದಿದ್ದವು.

"ಇನ್ಮೇಲೆ ದಾರ ಬೇರೆ ಯಾರಿಗಾದ್ರೂ ಕೊಡಿ ಸ್ವಾಮಿ," ಎಂದ ತ್ರಿಪೋ. "ನನ್ನ ಕೈ ಹೋಗಿದೆ." ಆಮೇಲೆ ಮಗಳ ಕಡೆ ತಿರುಗಿ, "ಮುಂದಿನ ಸಲ ಈ ಬಾಗಿಲು ಕಾಯೋದು ಬೇಡ. ಅಮ್ಮ ಪ್ರಿಗಾನಿತ್ಸೆ ಕರೀತಾಳೆ, ಬಿಸಿ ಇರೋವಾಗ್ಲೇ ಬಾ," ಎಂದ.

ಹಡಗಿನ ಏಣಿಯಿಳಿದು ಬಂದರಿನ ಕಟ್ಟೆಯ ಮೇಲೆ ನಿಂತಾಗ ಎಂದಿನ ಅಭ್ಯಾಸ ಬಿಡಲಿಲ್ಲ. ಮಗಳು ಹಾಕಿದ ಗಂಟು ಎಳೆದು ನೋಡಲು ಕಾಲಿನತ್ತ ಬಗ್ಗಿದ. ಕೈ ಲೇಸಿನವರೆಗೂ ಹೋಯಿತು. ಎಳೆಯದೆ, ಹಾಗೇ ಎದ್ದು ಮನೆಯ ದಾರಿ ಹಿಡಿದ.